ಸುತ್ತ ಮೂರು ಮಿಲಿಮೀಟರ್

ಅಳತೆಯಲ್ಲಿ ನಾನು ತಪ್ಪುವವನಲ್ಲ ಎಂಬ ಜಂಬವೊಂದು ನನಗಿತ್ತು. ಫಳ್ನೀರಿನಲ್ಲಿ ಮೂವತ್ತು ವರ್ಷದಿಂದ ಟೈಲರ್ ಅಂಗಡಿ ಇಟ್ಟುಕೊಂಡವನಿಗೆ ಇಂಥ ಜಂಬವೇ ಆಸ್ತಿ. ಕಳೆದ ತಿಂಗಳು ಅದನ್ನೂ ಕೊಡಿಯಾಲ್‌ಬೈಲಿನ ಒಂದು ಪ್ರೆಸ್ಸಿನಲ್ಲಿ ಕಳೆದುಕೊಂಡು ಬಂದೆ.

ನನ್ನ ಹೆಂಡತಿ ಸುಮತಿ ತೀರಿಕೊಂಡಳು. ಇದನ್ನು ಇದಕ್ಕಿಂತ ಉದ್ದ ಬರೆಯಲು ನನಗೆ ಬರುವುದಿಲ್ಲ. ಅವಳ ಉತ್ತರಕ್ರಿಯೆಗೆ ಕರೆಯಲು ಕಾರ್ಡು ಮಾಡಿಸಬೇಕಿತ್ತು. ನಾವು ತುಳುವಿನಲ್ಲಿ ಬೊಜ್ಜ ಎನ್ನುತ್ತೇವೆ. ಬೊಜ್ಜ ಭಾನುವಾರ, ಕಾರ್ಡು ಬುಧವಾರದೊಳಗೆ ಮನೆಮನೆಗೆ ಮುಟ್ಟಬೇಕು. ಇಂಥ ಕಾರ್ಡುಗಳನ್ನು ನೀವೂ ನೋಡಿರುತ್ತೀರಿ. ಮೂಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ಆಧಾರ್ ಕಾರ್ಡಿನಿಂದ ತೆಗೆದ ಮುಖ, ಕೆಳಗೆ ದುಃಖತಪ್ತರ ಪಟ್ಟಿ. ಆ ಚೌಕಟ್ಟಿನೊಳಗೆ ಹೋದ ಮೇಲೆ ಎಲ್ಲರೂ ಒಂದೇ ಮನೆಯವರ ಹಾಗೆ ಕಾಣುತ್ತಾರೆ. ಸುಮತಿಗೆ ಅಂಥದ್ದು ಬೇಡ ಎಂದು ನನಗೆ ಅನಿಸಿತು. ಕಾರ್ಡಿನ ಮುಖಪುಟದ ತುಂಬ, ಅಂಚಿನಿಂದ ಅಂಚಿಗೆ, ಅವಳು ನಿಂತಿರಬೇಕು. ಅವಳು ಇದ್ದ ಹಾಗೆ.

ಫೋಟೊ ಒಂದಿತ್ತು. ಅವಳ ತಂಗಿ ಶಶಿಯ ಮಗಳ ಮದುವೆಯದ್ದು, ಎಲ್ಲರೂ ಸಾಲಾಗಿ ನಿಂತದ್ದು. ಸಾಲಿನ ಕಟ್ಟಕಡೆಗೆ ನವಿಲುನೀಲಿ ಸೀರೆಯಲ್ಲಿ ಸುಮತಿ. ಯಾವ ಫೋಟೊದಲ್ಲೂ ಅವಳು ಕಡೆಯವಳೇ. ಎಲ್ಲರನ್ನೂ ಕರೆದು ನಿಲ್ಲಿಸಿ, ಮಕ್ಕಳ ಮೂಗು ಒರೆಸಿ, ತಾನು ಬರುವಾಗ ಅಂಚು ಮಾತ್ರ ಉಳಿದಿರುತ್ತಿತ್ತು. ನಾನು ನಡುಮಧ್ಯದಲ್ಲಿ, ಯಜಮಾನನ ಹಾಗೆ. ಮೊಬೈಲಿನಲ್ಲಿ ನನ್ನನ್ನೂ ಉಳಿದವರನ್ನೂ ತೆಗೆದುಹಾಕಿ ಅವಳೊಬ್ಬಳನ್ನು ಇಟ್ಟುಕೊಂಡೆ. ಹಳೆಯ ಕಾರ್ಡೊಂದನ್ನು ನನ್ನ ಟೇಪಿನಲ್ಲಿ ಅಳೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದೇ ಅಳತೆಗೆ ಚಿತ್ರ ಕೂರಿಸಿ, ಅಕ್ಷರ ಬರೆದು, ಎರಡು ದಿನ ಒದ್ದಾಡಿ ಫೈಲು ಮಾಡಿದೆ.

ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಲವೀನಾ ಬಾಯಿ ಎಂಬವರು. ನನಗಿಂತ ಐದಾರು ವರ್ಷ ಚಿಕ್ಕವರು. ಫೈಲು ತೆರೆದು, ನನ್ನ ಮುಖ ನೋಡಿ, ಮತ್ತೆ ಫೈಲು ನೋಡಿದರು.

"ಇದು ವಾಟ್ಸಾಪಿನಲ್ಲಿ ಬಂದ ಫೋಟೊವಾ ಅಣ್ಣಾ?"

"ಹೌದು. ಚೆಂದ ಉಂಟಲ್ಲ?"

"ಮೊಬೈಲಿಗೆ ಚೆಂದ. ಪ್ರಿಂಟಿಗೆ ಆಗ್ಲಿಕ್ಕಿಲ್ಲ."

ವಾಟ್ಸಾಪಿನಲ್ಲಿ ದಾಟಿ ಬರುವಾಗ ಫೋಟೊ ಸೋರಿಹೋಗುತ್ತದಂತೆ. ಒಂದಿಂಚಿಗೆ ಮುನ್ನೂರು ಚುಕ್ಕಿ ಬೇಕು, ನನ್ನದರಲ್ಲಿ ಎಪ್ಪತ್ತೂ ಇಲ್ಲ. ಅವರು ದೊಡ್ಡದು ಮಾಡಿ ತೋರಿಸಿದರು. ಸುಮತಿಯ ಮುಖ ಚೌಕುಳಿ ಲುಂಗಿಯ ಹಾಗೆ ಕಂಡಿತು. ಆಮೇಲೆ ಬಣ್ಣ. ಪರದೆ ಬೆಳಕಿನಲ್ಲಿ ತೋರಿಸುವ ಬಣ್ಣ ಬೇರೆ, ಕಾಗದ ಶಾಯಿಯಲ್ಲಿ ಹಿಡಿಯುವ ಬಣ್ಣ ಬೇರೆ. ಅದನ್ನು ಬದಲಿಸಿದ ಕೂಡಲೇ ನವಿಲುನೀಲಿ ಇದ್ದದ್ದು ಹತ್ತು ಸಲ ಒಗೆದ ಶಾಲೆಯ ಯೂನಿಫಾರ್ಮ್ ಆಯಿತು. ನಾನೋ, ಬಟ್ಟೆಗೆ ನೂಲು ಹೊಂದಿಸಲು ಗಿರಾಕಿಯನ್ನು ಬಿಸಿಲಿಗೆ ಕರೆದುಕೊಂಡು ಹೋಗುವವನು. ಅಂಗಡಿಯ ಟ್ಯೂಬ್‌ಲೈಟನ್ನು ನಂಬಬೇಡಿ ಎಂದು ಸಾವಿರ ಸಲ ಹೇಳಿದವನು. ಮೊಬೈಲಿನ ಬೆಳಕನ್ನು ಹೇಗೆ ನಂಬಿದೆನೋ.

ಕೊನೆಗೆ ಅಳತೆ. "ಬ್ಲೀಡ್ ಎಲ್ಲಿ ಅಣ್ಣಾ?" ಎಂದರು. ಅದೆಂತ ಎಂದೆ. "ಸುತ್ತ ಮೂರು ಮಿಲಿಮೀಟರ್ ಚಿತ್ರ ಹೆಚ್ಚು ಬೇಕು. ಕಟಿಂಗ್ ಮೆಷಿನ್ ಸ್ವಲ್ಪ ಆಚೀಚೆ ಆದರೂ ಬಿಳಿ ಗೆರೆ ಕಾಣಬಾರದಲ್ಲ."

"ಕಟ್ ಮಾಡಿ ಬಿಸಾಡಲಿಕ್ಕೆ ಚಿತ್ರ ಮಾಡಬೇಕಾ?"

"ಹೌದು ಮಾರಾಯ್ರೆ."

ಎಂಥ ದುಂದುವೆಚ್ಚ ಎಂದು ರೇಗಿಕೊಂಡೇ ಹೊರಬಂದೆ. ಬಸ್ಸು ಜ್ಯೋತಿ ಸರ್ಕಲ್ಲಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ತಲೆಗೆ ಹೊಳೆಯಿತು. ಹೊಲಿಗೆಗೆ ಬಟ್ಟೆ ಬಿಡದೆ ಕತ್ತರಿಸುವ ಟೈಲರ್ ಯಾರಾದರೂ ಇದ್ದಾನೆಯೇ? ಮೈಯಳತೆಗೆ ಸರಿಯಾಗಿ ಬಟ್ಟೆ ಕತ್ತರಿಸಿದರೆ ರವಿಕೆಯೊಳಗೆ ಮನುಷ್ಯರು ಹೋಗುವುದಿಲ್ಲ. "ಒಳಗೆ ಸ್ವಲ್ಪ ಬಿಡಿ, ಮುಂದೆ ದಪ್ಪ ಆದರೆ ಬಿಚ್ಚಬಹುದು" ಎಂದು ಹೆಂಗಸರು ಹೇಳುವುದನ್ನು ದಿನಾ ಕೇಳುವವನು ನಾನು. ಹೆಂಡತಿಯ ಕಾರ್ಡಿಗೆ ಮಾತ್ರ ಒಂದು ದಾರದಷ್ಟೂ ಬಿಟ್ಟಿರಲಿಲ್ಲ.

ಬಿಡಲು ಇರಲೂ ಇಲ್ಲ. ಫೋಟೊ ಅವಳ ಮಣಿಕಟ್ಟಿನ ಹತ್ತಿರವೇ ಮುಗಿದುಹೋಗಿತ್ತು. ಮರುದಿನ ಅದನ್ನು ಹೇಳಿದಾಗ ಲವೀನಾ ಬಾಯಿ ಉಪಾಯಗಳನ್ನು ಕೊಟ್ಟರು. ಚಿತ್ರ ಸ್ವಲ್ಪ ದೊಡ್ಡದು ಮಾಡುವ. ಮಾಡಿದರೆ ಮೊಣಕೈ ಹೋಗುತ್ತದೆ. ಸುತ್ತ ಬಿಳಿ ಅಂಚು ಇಡುವ. ಅದು ಮತ್ತೆ ಚೌಕಟ್ಟೇ. ಹಾಗಾದರೆ ಹಿಂದಿನ ಗೋಡೆಯನ್ನೇ ಕಾಪಿ ಮಾಡಿ ಪಕ್ಕಕ್ಕೆ ಅಂಟಿಸುವ, ಯಾರಿಗೂ ಗೊತ್ತಾಗುವುದಿಲ್ಲ.

"ನನಗೆ ಗೊತ್ತಾಗ್ತದಲ್ಲ" ಎಂದೆ.

ಅವರು ಮೌಸ್ ಬಿಟ್ಟು ಕೈಕಟ್ಟಿ ಕೂತರು. "ನೀವು ಗಿರಾಕಿಗಳ ಹತ್ತಿರವೂ ಹೀಗೆಯಾ?"

"ಗಿರಾಕಿಗಳು ನನ್ನ ಹತ್ತಿರ ಹೀಗೆ."

ಅವರು ನಕ್ಕರು. ಸುಮತಿ ಹೋದ ಮೇಲೆ ನನ್ನ ಮಾತಿಗೆ ಯಾರೋ ನಕ್ಕದ್ದು ಅದೇ ಮೊದಲು. ನನಗೆ ಒಂದು ಥರ ಆಯಿತು. "ಒರಿಜಿನಲ್ ಯಾರ ಹತ್ತಿರ ಉಂಟು ಕೇಳಿ. ಫೋಟೊ ಅಂತ ಕಳಿಸುವುದು ಬೇಡ, ಡಾಕ್ಯುಮೆಂಟ್ ಅಂತ ಕಳಿಸಲಿಕ್ಕೆ ಹೇಳಿ. ಇವತ್ತು ಸಿಕ್ಕಿದರೆ ನಾಳೆ ಕಾರ್ಡು. ಇಲ್ಲದಿದ್ದರೆ ಮೊಟ್ಟೆ ಚೌಕಟ್ಟೇ" ಎಂದರು.

ಬಿಜೈಗೆ, ಶಶಿಯ ಮನೆಗೆ ಹೋದೆ. ಅವಳು ಅಕ್ಕನ ನೆನಪಿನಲ್ಲಿ ಒಂದು ಸುತ್ತು ಅತ್ತು, ನನಗೆ ಚಹಾ ಕೊಟ್ಟು, ಹಳೆಯ ಫೋನನ್ನು ಹುಡುಕಿ ಚಾರ್ಜಿಗೆ ಹಾಕಿದಳು. "ಕಳಿಸುವ ಮೊದಲು ನಾನೇ ಸೈಡು ಕಟ್ ಮಾಡಿದ್ದು ಭಾವ. ಕೈ ತೊಳೆಯುವ ನಲ್ಲಿ ಕಾಣ್ತಿತ್ತು. ಮದುವೆ ಫೋಟೊದಲ್ಲಿ ನಲ್ಲಿ ಎಂತಕ್ಕೆ?"

ಫೋನು ಎದ್ದಿತು. ಪೂರ್ತಿ ಫೋಟೊದಲ್ಲಿ ನಲ್ಲಿಗಳು ಇದ್ದವು, ಎಂಜಲೆಲೆ ಹಾಕುವ ಬುಟ್ಟಿಯೂ ಇತ್ತು. ಅವುಗಳ ಈಚೆ, ಈ ಫೋಟೊದಲ್ಲಿ ನಾನು ಈವರೆಗೆ ನೋಡಿರದ ಸುಮತಿಯ ಎಡಗೈ. ಆ ಕೈಯಲ್ಲಿ ಮಡಚಿದ ನನ್ನ ಕನ್ನಡಕ.

ಆ ದಿನ ನೆನಪಾಯಿತು. ಗಾಜು ಹೊಳೆಯುತ್ತದೆ, ತೆಗೆಯಿರಿ ಎಂದು ಶಶಿಯ ಫೋನಿನಲ್ಲಿ ಫೋಟೊ ತೆಗೆದವನು ಹೇಳಿದ್ದ. ತೆಗೆದು ಪಕ್ಕಕ್ಕೆ ಚಾಚಿದ್ದೆ, ಯಾರೋ ತೆಗೆದುಕೊಂಡಿದ್ದರು. ಊಟಕ್ಕೆ ಕೂತಾಗ ಮೀನಿನ ಮುಳ್ಳು ಕಾಣದೆ, ಕನ್ನಡಕ ಎಲ್ಲಿ, ನಿನಗೆ ಒಂದು ಜವಾಬ್ದಾರಿ ಇಲ್ಲ ಎಂದು ನಾಲ್ಕು ಜನರ ಮುಂದೆ ಅವಳಿಗೇ ಬೈದಿದ್ದೆ. ಅವಳು ಸೆರಗಿನಲ್ಲಿ ಗಾಜು ಒರೆಸಿ ನನ್ನ ಎಲೆಯ ಪಕ್ಕ ಇಟ್ಟು, ಬಡಿಸಲು ಹೋಗಿದ್ದಳು.

"ಭಾವ, ಚಹಾ ತಣ್ಣಗಾಯ್ತು" ಎಂದಳು ಶಶಿ.

ಪ್ರೆಸ್ಸಿಗೆ ಮೂರನೆಯ ಸಲ ಹೋದಾಗ ಲವೀನಾ ಬಾಯಿಗೆ ಖುಷಿಯೋ ಖುಷಿ. ಚುಕ್ಕಿಗಳು ಬೇಕಾದಷ್ಟು, ಸುತ್ತ ಜಾಗವೂ ಉಂಟು. ಸುಮತಿಯನ್ನು ನಡುವಿಗೆ ತಂದು, ಕತ್ತರಿಸುವ ಗೆರೆ ಎಳೆದು, ಸೀರೆಯ ನೀಲಿಯನ್ನು ಆದಷ್ಟು ಎತ್ತಿದರು. ಆಮೇಲೆ ಸ್ವಲ್ಪ ಹಿಂಜರಿದು, "ಕೈ ಬರ್ತದೆ ಅಣ್ಣಾ, ಕನ್ನಡಕ ಬರುವುದಿಲ್ಲ. ಅದು ಸರೀ ಆ ಮೂರು ಮಿಲಿಮೀಟರಿಗೆ ಹೋಯ್ತು. ಒಳಗೆ ತಂದರೆ ಬುಟ್ಟಿಯೂ ಬರ್ತದೆ" ಎಂದರು.

ಯೋಚಿಸಿದೆ. ಬೊಜ್ಜದ ಊಟಕ್ಕೆ ಬರುವವರಿಗೆ ನನ್ನ ಕನ್ನಡಕದ ವಿಷಯ ಯಾಕೆ? "ಹೋಗಲಿ. ಆದರೆ ಒಂದು ಹಾಳೆ ಕತ್ತರಿಸದೆ ಕೊಡಿ" ಎಂದೆ.

ಬುಧವಾರ ಕಾರ್ಡುಗಳು ಹೋದವು. ಚೆಂದ ಬಂದಿದೆ ಎಂದು ಎಲ್ಲರೂ ಹೇಳಿದರು. ನೀಲಿ ಕೊನೆಗೂ ನವಿಲುನೀಲಿ ಆಗಲಿಲ್ಲ, ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ಹಾಳೆ ಅಂಗಡಿಯಲ್ಲಿ, ಕತ್ತರಿಸುವ ಮೇಜಿನ ಎದುರಿನ ಗೋಡೆಯಲ್ಲಿದೆ. ಒಂದು ಹಾಳೆಗೆ ನಾಲ್ಕು ಕಾರ್ಡು, ಹಾಗಾಗಿ ನಾಲ್ಕು ಸುಮತಿಯರು. ಒಂದು ಕನ್ನಡಕವನ್ನು ನೆಟ್ಟಗೆ ಇಟ್ಟುಕೊಳ್ಳಲಾರದವನಿಗಾಗಿ ನಾಲ್ಕು ಕನ್ನಡಕ ಹಿಡಿದು ನಿಂತಿದ್ದಾರೆ. ಮೂಲೆಮೂಲೆಗೆ ಕತ್ತರಿಸುವ ಗುರುತುಗಳು. ಗುರುತು ಕಂಡಲ್ಲಿ ಕತ್ತರಿ ಹಾಕುವುದು ನನ್ನ ಕೈಯ ಅಭ್ಯಾಸ. ಇಲ್ಲಿ ಮಾತ್ರ ಕೈ ಹೋಗುವುದಿಲ್ಲ.

ಅಳತೆ ಕೊಡಲು ಬಂದ ಹೆಂಗಸರು ಗೋಡೆ ನೋಡಿ ಕೇಳುತ್ತಾರೆ. "ಇದೆಂತ, ಕಟ್ ಮಾಡ್ಲಿಕ್ಕೆ ಮರೆತದ್ದಾ?"

"ಹೌದು, ಮರೆತದ್ದು" ಎನ್ನುತ್ತೇನೆ. ಆಮೇಲೆ ಕನ್ನಡಕ ಹುಡುಕುತ್ತೇನೆ.