ಗ್ರಾಂ ಮೇಷ್ಟ್ರ ಮನೆಯ ತಕ್ಕಡಿ

ನನ್ನ ಭಾವನನ್ನು ಮಾರುಕಟ್ಟೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗ್ರಾಂ ಮೇಷ್ಟ್ರು ಅಂದರೇ ಗೊತ್ತಾಗುವುದು. ಮೂವತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದಾರೆ. ಅಂಗಡಿಯೆಂದರೆ ಒಂದು ಬೆಂಚು, ಒಂದು ದೀಪ, ಗೋಡೆ ತುಂಬ ಸ್ಪ್ರಿಂಗು ಮತ್ತು ಮುಳ್ಳುಗಳು. ಮೇಜಿನ ಡ್ರಾಯರಿನಲ್ಲಿ ಮಖಮಲ್ಲು ಹಾಸಿದ ಒಂದು ಪೆಟ್ಟಿಗೆ, ಅದರಲ್ಲಿ ಸಾಲಾಗಿ ಹಿತ್ತಾಳೆಯ ತೂಕದ ಬಟ್ಟುಗಳು. ಅವನ್ನು ಅವರು ಬರಿಗೈಯಲ್ಲಿ ಮುಟ್ಟುವುದಿಲ್ಲ, ಬಟ್ಟೆ ಹಿಡಿದು ಎತ್ತುತ್ತಾರೆ. ಬೆವರಿಗೂ ತೂಕವಿದೆ ಎನ್ನುವುದು ಅವರ ವಾದ. ಇಂಥ ಗಂಡನ ಜೊತೆ ಹೇಗೆ ಬಾಳುತ್ತೀಯೇ ಎಂದು ನಾನು ಅಕ್ಕನನ್ನು ರೇಗಿಸುತ್ತಿದ್ದೆ.

ಒಮ್ಮೆ ಮಾಂಸದಂಗಡಿಯವನು ಐವತ್ತು ಗ್ರಾಂ ಆಚೆ ಈಚೆ ಮಾಡಿಕೊಡಿ ಎಂದು ಕಿವಿಯಲ್ಲಿ ಹೇಳಿದನಂತೆ. ಭಾವ ಅರ್ಧ ಬಿಚ್ಚಿದ್ದ ತಕ್ಕಡಿಯನ್ನು ಹಾಗೆಯೇ ಬಿಟ್ಟು ಎದ್ದು ಬಂದರು. ಮೂರು ದಿನ ಅವನ ವ್ಯಾಪಾರ ನಿಂತಿತು. ನಾಲ್ಕನೆಯ ದಿನ ಅವನೇ ಬಂದು ಕೈಮುಗಿದ. ಅವತ್ತಿನಿಂದ ಗ್ರಾಂ ಮೇಷ್ಟ್ರು ಮುಟ್ಟಿದ ತಕ್ಕಡಿ ಅಂದರೆ ಇಡೀ ಮಾರುಕಟ್ಟೆ ಕಣ್ಣು ಮುಚ್ಚಿ ನಂಬುತ್ತದೆ.

ಅಂಥ ಮನುಷ್ಯ ತಮ್ಮ ಬದುಕಿನಲ್ಲಿ ಒಂದೇ ಒಂದು ತಕ್ಕಡಿಯನ್ನು ಬೇಕೆಂದೇ ತಪ್ಪು ಮಾಡಿದರು. ಅದು ಅವರ ಮನೆಯ ಬಚ್ಚಲ ಹೊರಗಿದ್ದ ಯಂತ್ರ. ಅದರ ಮೇಲೆ ದಿನಾ ಬೆಳಿಗ್ಗೆ ನನ್ನ ಅಕ್ಕ ನಿಲ್ಲುತ್ತಿದ್ದಳು.

ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿನವಳು. ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿಯಲ್ಲಿ ಕೂತರೆ ಸಂಜೆ ಆರಕ್ಕೇ ಏಳುವುದು. ನಡುವೆ ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಊರಿನವರ ಬೈಗುಳ ಕೇಳಬೇಕು. ಬೈಸಿಕೊಂಡು ಸುಮ್ಮನೆ ಕೂತವಳಿಗೆ ಏನಾದರೂ ಬಾಯಿಗೆ ಬೇಕಲ್ಲ, ಮೇಜಿನ ಖಾನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಇರುತ್ತಿತ್ತು. ಹೋಗಲು ಬಸ್ಸು, ಹತ್ತಲು ಲಿಫ್ಟು. ಇಪ್ಪತ್ತು ವರ್ಷದಲ್ಲಿ ಅವಳು ಅರವತ್ತರಿಂದ ತೊಂಬತ್ತಕ್ಕೆ ಬಂದಳು. ದಿನಕ್ಕೊಂದು ಹೆಜ್ಜೆಯಂತೆ ಬಂದದ್ದು, ಯಾರ ಕಣ್ಣಿಗೂ ಬೀಳಲಿಲ್ಲ.

ಕಣ್ಣಿಗೆ ಬಿದ್ದ ಮೇಲೆ ಉಪದೇಶಕ್ಕೇನು ಬರ? ಒಬ್ಬಳು ಬರೀ ಹಣ್ಣು ತಿನ್ನು ಎಂದಳು, ಇನ್ನೊಬ್ಬಳು ಹಣ್ಣನ್ನೇ ಮುಟ್ಟಬೇಡ ಎಂದಳು. ಅಕ್ಕ ಎಲ್ಲವನ್ನೂ ಮಾಡಿದಳು. ಬಿಸ್ಕತ್ತು ಬಿಟ್ಟಳು. ನಿಂಬೆಹಣ್ಣಿನ ನೀರು ಕುಡಿದು ಹೊಟ್ಟೆ ಉರಿಸಿಕೊಂಡಳು. ಫೋನು ದಿನಕ್ಕೆ ಎಂಟು ಸಾವಿರ ಹೆಜ್ಜೆ ಕೇಳುತ್ತಿತ್ತು, ಕಡಿಮೆ ಬಿದ್ದ ದಿನ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿ ಸಾಲ ತೀರಿಸುತ್ತಿದ್ದಳು. ಬೆಕ್ಕು ಮರಿ ಹಾಕಲು ಜಾಗ ಹುಡುಕಿದ ಹಾಗಿದೆ ಎಂದು ನಾನು ನಗುತ್ತಿದ್ದೆ. ಈಗ ನೆನೆದರೆ ನನ್ನ ನಾಲಿಗೆಯನ್ನೇ ಕಿತ್ತು ಹಾಕಬೇಕು ಅನ್ನಿಸುತ್ತದೆ.

ವರ್ಷದ ಹಿಂದೆ ಅವಳಿಗೆ ಉಸಿರು ಸಾಲದೆ ಆಸ್ಪತ್ರೆಗೆ ಸೇರಿಸಿದೆವು. ಹೃದಯ ಬಲ ಕಳೆದುಕೊಂಡಿದೆ, ಮಾತ್ರೆ ನುಂಗಿಕೊಂಡು ಜೋಪಾನವಾಗಿದ್ದರೆ ಬಹಳ ವರ್ಷ ಬಾಳಬಹುದು ಎಂದರು. ಬಿಡುಗಡೆಯ ದಿನ ಡಾಕ್ಟರಮ್ಮ ಅಕ್ಕನನ್ನು ಕೂರಿಸಿಕೊಂಡು ಎಲ್ಲ ವಿವರಿಸಿದರು. ತೂಕ ನಿಧಾನವಾಗಿ ಇಳಿಸಿ, ಉಪ್ಪು ಬಿಡಿ, ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಒಂದು ವಾರದೊಳಗೆ ಎರಡು ಕಿಲೋ ಏರಿದರೆ ಅದು ಊಟದ್ದಲ್ಲ, ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದು ಅರ್ಥ. ಅದೇ ದಿನ ಬನ್ನಿ, ಮರುದಿನಕ್ಕೆ ಕಾಯಬೇಡಿ.

ಆ ಮಾತು ನಡೆಯುವಾಗ ಭಾವ ಎಲ್ಲಿದ್ದರು ಎಂದು ಕೇಳಿ. ಹೊರಗಿನ ಮೊಗಸಾಲೆಯಲ್ಲಿ ಆಸ್ಪತ್ರೆಯ ತೂಕದ ಯಂತ್ರವನ್ನು ಮಗುಚಿ ಹಾಕಿಕೊಂಡು ಕೂತಿದ್ದರು. ಅದು ಮುನ್ನೂರು ಗ್ರಾಂ ಹೆಚ್ಚು ತೋರಿಸುತ್ತಿತ್ತಂತೆ. ರೋಗಿಗಳ ತೂಕ ತಪ್ಪು ಬರೆದುಕೊಂಡರೆ ಔಷಧಿ ತಪ್ಪುವುದಿಲ್ಲವೇ ಎಂದು ನರ್ಸಿನ ಜೊತೆ ವಾದ ಮಾಡಿ, ಜೇಬಿನ ಸ್ಕ್ರೂಡ್ರೈವರ್ ತೆಗೆದು, ಸರಿಮಾಡಿಯೇ ಎದ್ದರು. ಅಕ್ಕ ಹೊರಗೆ ಬಂದವಳು, ತೂಕ ದಿನಾ ಬರೆಯಬೇಕಂತೆ ಎಂದಷ್ಟೇ ಹೇಳಿದಳು. ಉಳಿದದ್ದನ್ನು ನುಂಗಿಕೊಂಡಳು. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಭಾವ ಮಂಚದ ಕಾಲು ಹಿಡಿದುಕೊಂಡು ಅತ್ತಿದ್ದರು, ಮತ್ತೆ ಹೆದರಿಸುವುದು ಬೇಡ ಎಂದು ಅವಳ ಲೆಕ್ಕ.

ಭಾವ ಅಂಗಡಿಯಿಂದ ಒಂದು ಮುಳ್ಳಿನ ಯಂತ್ರ ತಂದು ಬಚ್ಚಲ ಹೊರಗೆ ಇಟ್ಟರು. ಬಾಗಿಲ ಹಿಂದೆ ಗೆರೆ ಹಾಕಿದ ಹಾಳೆ ಅಂಟಿಸಿ ಪೆನ್ಸಿಲ್ಲಿಗೆ ದಾರ ಕಟ್ಟಿದರು. ಮೊದಲ ಸಾಲು ತೊಂಬತ್ತೆರಡು. ಎರಡು ತಿಂಗಳಲ್ಲಿ ತೊಂಬತ್ತಕ್ಕೆ ಇಳಿಯಿತು. ಆಮೇಲೆ ಮುಳ್ಳು ಕಚ್ಚಿಕೊಂಡು ಕೂತುಬಿಟ್ಟಿತು. ಅಕ್ಕ ಅರ್ಧ ಹೊಟ್ಟೆ ಉಂಡಳು, ಕಾಲು ಹೊಟ್ಟೆ ಉಂಡಳು. ಸಂಜೆಯ ಊಟ ಬಿಟ್ಟು ಪೊಟ್ಟಣದ ಸೂಪು ಕುಡಿಯತೊಡಗಿದಳು, ಒಂದು ಬಟ್ಟಲಿಗೆ ಅರವತ್ತೇ ಕ್ಯಾಲೊರಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಹಸಿವಾದರೆ ಇನ್ನೊಂದು ಬಟ್ಟಲು. ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದವಳಿಗೆ, ಆ ಪುಡಿಯಲ್ಲಿ ಅರ್ಧ ಉಪ್ಪೇ ಇದೆಯೆಂದು ಹೊಳೆಯಲಿಲ್ಲ. ಅಷ್ಟು ಸಣ್ಣ ಅಕ್ಷರ ಓದಲು ಅವಳಿಗೆ ಕನ್ನಡಕ ಬೇಕಾಗಿತ್ತು.

ಒಂದು ಬೆಳಿಗ್ಗೆ ಮುಳ್ಳು ತೊಂಬತ್ತೂವರೆ ತೋರಿಸಿತು. ಅಕ್ಕ ಯಂತ್ರದ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳಂತೆ. ಇನ್ನು ಈ ವಾರ ನೋಡುತ್ತೇನೆ, ಇಳಿಯದಿದ್ದರೆ ನಡಿಗೆಯೂ ಬೇಡ, ಮಾತ್ರೆಯೂ ಬೇಡ, ಎಲ್ಲ ಎಸೆದುಬಿಡುತ್ತೇನೆ ಎಂದಳಂತೆ. ಅವಳು ಸ್ನಾನಕ್ಕೆ ಹೋದ ಮೇಲೆ ಭಾವ ಯಂತ್ರದ ಹೊಟ್ಟೆ ಬಿಚ್ಚಿ ಒಳಗಿನ ತಿರುಪನ್ನು ಸ್ವಲ್ಪ ತಿರುಗಿಸಿದರು. ಹೊರಗಿನ ತಿರುಪನ್ನಲ್ಲ, ಅದನ್ನು ತಿರುಗಿಸಿದರೆ ಖಾಲಿ ಇದ್ದಾಗ ಮುಳ್ಳು ಸೊನ್ನೆ ಬಿಟ್ಟು ಕೂರುತ್ತದೆ, ಯಾರಾದರೂ ಹಿಡಿದುಬಿಡುತ್ತಾರೆ. ಒಳಗಿನದನ್ನು ಮುಟ್ಟಿದರೆ ಖಾಲಿಯಲ್ಲಿ ಸೊನ್ನೆ ಸೊನ್ನೆಯೇ, ಹತ್ತಿ ನಿಂತಾಗ ಮಾತ್ರ ಸುಳ್ಳು. ಎಷ್ಟು ಸುತ್ತಿಗೆ ಎಷ್ಟು ಕಿಲೋ ಎಂಬುದು ಅವರಿಗೆ ಬೆರಳ ತುದಿಯಲ್ಲಿತ್ತು. ಒಂದು ವಾರದ ಮಟ್ಟಿಗೆ, ನಿಜವಾಗಿ ಇಳಿದ ಕೂಡಲೇ ಹಿಂದಕ್ಕೆ ತಿರುಗಿಸುತ್ತೇನೆ ಎಂದುಕೊಂಡರಂತೆ. ಇದನ್ನೆಲ್ಲ ಅವರು ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದ್ದು.

ಮರುದಿನ ಅಕ್ಕ ಹಾಳೆಯಲ್ಲಿ ಎಂಬತ್ತೊಂಬತ್ತೂವರೆ ಎಂದು ಬರೆದು ಹಾಡಿಕೊಂಡು ಕಚೇರಿಗೆ ಹೋದಳು. ಭಾವ ಹಿಂದಕ್ಕೆ ತಿರುಗಿಸುವ ಗಳಿಗೆ ಬರಲೇ ಇಲ್ಲ. ನಿಜವಾದ ತೂಕ ದಿನದಿಂದ ದಿನಕ್ಕೆ ಏರುತ್ತಿತ್ತು, ಅದು ಗೊತ್ತಿದ್ದದ್ದು ಅವರೊಬ್ಬರಿಗೆ. ಏರುವುದನ್ನು ಕಂಡು ಅವರು ಏನು ತಿಳಿದುಕೊಂಡರು ಗೊತ್ತೇ? ಪಾಪ, ಹಸಿವು ತಡೆಯಲಾರದೆ ಕಚೇರಿಯಲ್ಲಿ ಕದ್ದು ತಿನ್ನುತ್ತಿದ್ದಾಳೆ, ನನ್ನ ಮುಂದೆ ಹೇಳಲು ನಾಚಿಕೆ ಎಂದು. ಹೆಂಡತಿಯ ಮಾನ ಮುಚ್ಚಲು ದಿನಾ ರಾತ್ರಿ ಇನ್ನಷ್ಟು ತಿರುಗಿಸಿದರು. ಮಾಂಸದಂಗಡಿಯವನಿಗೆ ಐವತ್ತು ಗ್ರಾಂ ಕೊಡದ ಮನುಷ್ಯ ಮನೆಯಲ್ಲಿ ಕಿಲೋಗಟ್ಟಲೆ ಕೊಡುತ್ತಾ ಹೋದರು.

ಇನ್ನು ನನ್ನ ಪಾಲಿನದನ್ನೂ ಹೇಳಿಬಿಡಬೇಕು. ನಾನು ಹೊಲಿಗೆಯವಳು. ಹತ್ತು ದಿನ ಕಳೆದಿರಬಹುದು, ಅಕ್ಕ ನಾಲ್ಕು ಅಂಗಿ ಹೊತ್ತುಕೊಂಡು ಬಂದಳು. ಇಳಿದಿದ್ದೀನಿ ಕಣೇ, ಎಲ್ಲಾ ಸ್ವಲ್ಪ ಹಿಡಿದು ಕೊಡು ಎಂದಳು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬರುತ್ತಿತ್ತು, ವ್ಯಾಯಾಮದ ಆಯಾಸ ಎಂದಳು. ಟೇಪು ಸುತ್ತಿದೆ. ಸೊಂಟ ಹಿಂದಿನ ಅಳತೆಗಿಂತ ಒಂದೂವರೆ ಇಂಚು ಜಾಸ್ತಿ ಬಂತು. ಹಳೆಯ ಟೇಪು ಹಿಗ್ಗಿರಬೇಕು ಎಂದೆ. ಎಂಥ ಮಾತು! ಹಿಗ್ಗಿದ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚಲ್ಲ, ಇದು ಹೊಲಿಗೆ ಕಲಿಯುವ ಮೊದಲ ವಾರದ ಪಾಠ. ಅದೇ ಹೊತ್ತಿನಲ್ಲಿ ಅಕ್ಕ ಡಾಕ್ಟರಮ್ಮ ಹೇಳಿದ ಎರಡು ಕಿಲೋ ವಿಷಯವನ್ನೂ ಹೇಳಿದಳು.

"ಏರಿದ್ರೆ ಮಾತ್ರ ಭಯ ಕಣೇ. ನನ್ನದು ಇಳೀತಾ ಇದೆಯಲ್ಲ. ನಿಮ್ಮ ಭಾವನಿಗೆ ಹೇಳಬೇಡ, ಸುಮ್ನೆ ಹೆದರಿ ಸಾಯ್ತಾರೆ."

ನಾನು ಹೊಸ ಟೇಪು ಕೊಂಡೆ. ಅಕ್ಕ ಮತ್ತೆ ಬಂದಾಗ ಸುತ್ತಿದರೆ ಅದೂ ಅದೇ ಅಳತೆ ಕೊಟ್ಟಿತು. ಆದರೂ ನನ್ನ ಕೈ ಸುಳ್ಳಿರಬಹುದು, ಗ್ರಾಂ ಮೇಷ್ಟ್ರ ತಕ್ಕಡಿ ಸುಳ್ಳಾಗುತ್ತದೆಯೇ ಅನ್ನಿಸಿತು. ಅಕ್ಕನ ಮನೆಗೆ ಹೋದಾಗ ಆ ಯಂತ್ರದ ಮೇಲೆ ನಾನೂ ಒಮ್ಮೆ ಹತ್ತಿದೆ. ಯಾವಾಗಲೂ ಅರವತ್ತಾರು ಇರುವವಳು ಅರವತ್ತಮೂರು ಇದ್ದೆ. ದಿನವಿಡೀ ಕೂತಲ್ಲೇ ಕೂತು ಹೊಲಿಯುತ್ತೇನೆ, ಸಿಕ್ಕಿದ್ದೆಲ್ಲ ತಿನ್ನುತ್ತೇನೆ, ಮೂರು ಕಿಲೋ ಎಲ್ಲಿಗೆ ಹೋಯಿತು ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಾಗಿತ್ತು. ನಾನೇನು ಮಾಡಿದೆ? ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆ ಎಳೆದುಕೊಂಡು ಹಿಗ್ಗಿದೆ.

ಅಕ್ಕನ ಮಂಚದಲ್ಲಿ ಎರಡು ದಿಂಬು ಇದ್ದದ್ದು ಮೂರಾಯಿತು. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ನಡಿಗೆಯ ಬೂಟು ಬಿಗಿಯಾಯಿತು, ಒಂದು ಅಳತೆ ದೊಡ್ಡದು ಕೊಂಡಳು. ಮುಖ ದುಂಡಗೆ ಹೊಳೆಯುತ್ತಿತ್ತು, ಕಚೇರಿಯವರು ಕಳೆ ಬಂದಿದೆ ಎಂದರು. ಬಾಗಿಲ ಹಿಂದಿನ ಹಾಳೆ ಮಾತ್ರ ಎಂಬತ್ತೊಂಬತ್ತು, ಎಂಬತ್ತೆಂಟೂವರೆ, ಎಂಬತ್ತೆಂಟು ಎಂದು ಇಳಿಯುತ್ತಲೇ ಇತ್ತು. ನಾವು ಮೂವರೂ ಆ ಹಾಳೆಯನ್ನು ನೋಡಿದೆವು, ಅವಳನ್ನು ನೋಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿದ್ದೆ. ಅಕ್ಕ ನಡಿಗೆಯಿಂದ ಅರ್ಧಕ್ಕೇ ವಾಪಸ್ಸು ಬಂದು ಹೊಸ್ತಿಲ ಬಳಿ ಕುಕ್ಕರಿಸಿದಳು. ಬೂಟು ಕಳಚಲು ಬಗ್ಗಲಾಗಲಿಲ್ಲ. ನಾನೇ ಕಳಚಿ ಕಾಲುಚೀಲ ಎಳೆದೆ. ಕಣಕಾಲಿನಲ್ಲಿ ನನ್ನ ಬೆರಳು ತಾಗಿದಲ್ಲಿ ನಾದಿದ ಹಿಟ್ಟಿಗೆ ಒತ್ತಿದ ಹಾಗೆ ಕುಳಿ ಬಿತ್ತು, ಆ ಕುಳಿ ಹಾಗೇ ಉಳಿಯಿತು. ಅಡುಗೆಮನೆಯಲ್ಲಿ ಭಾವ ತರಕಾರಿ ಹೆಚ್ಚುತ್ತಿದ್ದರು. ಅಕ್ಕ ಬೇಡವೆಂದಿದ್ದರೂ ನಾನು ಹೋಗಿ ಹೇಳಿದೆ.

"ಭಾವ, ಅಕ್ಕನ ಕಾಲು ತುಂಬಾ ಊದಿದೆ. ನೀರು ನಿಂತ್ರೆ ಹೀಗೆ ಆಗುತ್ತಂತೆ. ಆದ್ರೆ ಆಗ ತೂಕ ಏರಬೇಕಂತೆ. ಎರಡು ಕಿಲೋ ಏರಿದ್ರೆ ಅವತ್ತೇ ಕರ್ಕೊಂಡು ಬನ್ನಿ ಅಂತ ಡಾಕ್ಟರಮ್ಮ ಹೇಳಿದ್ರಂತೆ."

ಚಾಕು ನಿಂತಿತು. "ಯಾವಾಗ ಹೇಳಿದ್ರು?"

"ಬಿಡುಗಡೆ ದಿನ. ನೀವು ಆಚೆ ಅವರ ತಕ್ಕಡಿ ಬಿಚ್ಚಿಕೊಂಡು ಕೂತಿದ್ರಲ್ಲ, ಆಗ."

ಭಾವ ಕೈ ಕೂಡ ತೊಳೆಯದೆ ಬಚ್ಚಲ ಕಡೆ ಓಡಿ ಯಂತ್ರವನ್ನು ಮಗುಚಿದರು. ತಿರುಪನ್ನು ಹಿಂದಕ್ಕೆ ತಿರುಗಿಸುವಾಗ ತುಟಿಯಲ್ಲೇ ಸುತ್ತು ಎಣಿಸುತ್ತಿದ್ದರು. ಆಗ ನನಗೆ ಅರ್ಥವಾಯಿತು. ಗೋಡೆ ಹಿಡಿದುಕೊಂಡು ಬಂದು ನಿಂತಿದ್ದ ಅಕ್ಕನಿಗೂ ಅರ್ಥವಾಯಿತು. ಅವಳು ಯಂತ್ರದ ಮೇಲೆ ಹತ್ತಿದಳು. ಆ ಬೆಳಿಗ್ಗೆ ಎಂಬತ್ತೆಂಟು ತೋರಿಸಿದ್ದ ಮುಳ್ಳು ತೊಂಬತ್ತೇಳಕ್ಕೆ ಹೋಗಿ ನಿಂತಿತು.

"ಎಷ್ಟು ದಿನದಿಂದ?" ಎಂದಳು.

"ಹತ್ತೊಂಬತ್ತು."

"ನಾನು ಕದ್ದು ತಿಂತಿದ್ದೀನಿ ಅಂದ್ಕೊಂಡ್ರಾ?"

ಭಾವ ನೆಲದ ಮೇಲೆ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೂತಿದ್ದರು.

"ಒಂದು ತುತ್ತೂ ತಿಂದಿಲ್ಲ ಕಣ್ರೀ," ಎಂದಳು ಅಕ್ಕ. ಸಿಟ್ಟಿರಲಿಲ್ಲ. ಅದೊಂದನ್ನು ಅವರು ನಂಬಿದರೆ ಸಾಕು ಎನ್ನುವ ಹಾಗಿತ್ತು ದನಿ.

ಆಸ್ಪತ್ರೆಯ ಮೊಗಸಾಲೆಯಲ್ಲಿ ನರ್ಸು ಅವಳನ್ನು ಮೊದಲು ತೂಕಕ್ಕೆ ನಿಲ್ಲಿಸಿದಳು. ಭಾವ ಸರಿಮಾಡಿದ್ದ ಅದೇ ಯಂತ್ರ. ತೊಂಬತ್ತೇಳು, ಕೂದಲೆಳೆಯಷ್ಟೂ ತಪ್ಪಿಲ್ಲ. ಡಾಕ್ಟರಮ್ಮ ಬಾಗಿಲ ಹಾಳೆಯನ್ನೂ ಸೂಪಿನ ಪೊಟ್ಟಣವನ್ನೂ ತರಿಸಿಕೊಂಡು ಓದಿದರು. ಎರಡು ವಾರ ಮುಂಚೆ ಬಂದಿದ್ದರೆ ಸೂಜಿ ಮದ್ದು ಕೊಟ್ಟು ನಾಲ್ಕು ದಿನದಲ್ಲಿ ಮನೆಗೆ ಕಳಿಸುತ್ತಿದ್ದೆ ಎಂದರು. ಈಗ ಮೂತ್ರಪಿಂಡವೂ ಸೋತಿದೆ ಎಂದರು. ನೀರು ಇಳಿಸುತ್ತಾ ಹೋದರು. ಅಕ್ಕ ಆರು ದಿನ ಇದ್ದಳು. ಐದನೆಯ ದಿನ ತೊಂಬತ್ತೊಂದಕ್ಕೆ ಬಂದಿದ್ದಳು, ಅದನ್ನು ಕೇಳಿ ನನ್ನ ಕಡೆ ನೋಡಿ ನಕ್ಕಳು ಕೂಡ. ಆರನೆಯ ದಿನ ಬೆಳಿಗ್ಗೆ ತೂಕ ನೋಡುವ ಅಗತ್ಯ ಬೀಳಲಿಲ್ಲ.

ಭಾವನ ಅಂಗಡಿ ಈಗಲೂ ತೆರೆದಿರುತ್ತದೆ. ಮಾರುಕಟ್ಟೆಗೆ ಏನೂ ಗೊತ್ತಿಲ್ಲ, ನಾನು ಹೇಳಿಲ್ಲ. ಮಾಂಸದಂಗಡಿಯವನು ಈಗಲೂ ಅವರು ಮುಟ್ಟಿದ ತಕ್ಕಡಿಯನ್ನೇ ನಂಬುತ್ತಾನೆ. ಮನೆಯ ಯಂತ್ರವನ್ನು ಎತ್ತಿ ಬಿಸಾಕಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲೇ ಇದೆ. ಬಾಗಿಲ ಹಿಂದೆ ಹೊಸ ಹಾಳೆ ಅಂಟಿಸಿದ್ದಾರೆ. ದಿನಾ ಬೆಳಿಗ್ಗೆ ತಾವೇ ಹತ್ತಿ ನಿಂತು ಬರೆಯುತ್ತಾರೆ. ಮೊದಲ ಸಾಲು ಎಪ್ಪತ್ತೊಂದು. ಮೊನ್ನೆ ನೋಡಿದಾಗ ಐವತ್ತೊಂಬತ್ತು. ನಾನು ಬೇಕೆಂದೇ ಹತ್ತಿ ನೋಡಿದೆ, ಅರವತ್ತಾರು ತೋರಿಸಿತು. ಯಂತ್ರ ಸರಿಯಾಗಿದೆ. ಮಾಡಿಟ್ಟು ಬಂದ ಊಟದ ಡಬ್ಬಿ ಮರುದಿನ ಹೋದರೆ ಇಟ್ಟಲ್ಲೇ ಇರುತ್ತದೆ. ಹಸಿವಿಲ್ಲ ಎನ್ನುತ್ತಾರೆ.

ಹೋದ ವಾರ ಅವರು ಎರಡು ಪ್ಯಾಂಟು ತೆಗೆದುಕೊಂಡು ನನ್ನ ಹೊಲಿಗೆ ಕೋಣೆಗೆ ಬಂದರು. ಬೆಲ್ಟಿನ ಬದಲು ದಾರ ಕಟ್ಟಿಕೊಂಡಿದ್ದರು.

"ಸೊಂಟ ಸ್ವಲ್ಪ ಹಿಡಿದು ಕೊಡಮ್ಮ. ನಿಲ್ತಾ ಇಲ್ಲ."

ನಾನು ಟೇಪು ತೆಗೆದು ಸುತ್ತಿದೆ. ನಾಲ್ಕು ಇಂಚು ಹೋಗಿತ್ತು. ಈ ಸಲ ಟೇಪನ್ನು ನಾನು ಅನುಮಾನಿಸಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಹಿಡಿಯೋದಿಲ್ಲ ಭಾವ. ಒಂದು ಹೊಲಿಗೆ ಕೂಡ ಹಾಕೋದಿಲ್ಲ. ನೀವೇ ತುಂಬಿಕೊಂಡು ಬನ್ನಿ."

ಅವರು ಪ್ಯಾಂಟುಗಳನ್ನು ಮಡಿಸಿ ನನ್ನ ಮಿಷನ್ನಿನ ಪಕ್ಕ ಇಟ್ಟು, ದಾರದ ಗಂಟು ಇನ್ನೊಂದಿಷ್ಟು ಬಿಗಿಮಾಡಿಕೊಂಡು ಇಳಿದು ಹೋದರು. ಪ್ಯಾಂಟುಗಳು ಅಲ್ಲೇ ಇವೆ. ದಿನಾ ಬೆಳಿಗ್ಗೆ ನಾನು ಮೊದಲು ಅವರ ಮನೆಗೆ ಹೋಗಿ, ಬಾಗಿಲ ಹಿಂದಿನ ಹಾಳೆ ನೋಡಿ, ಆಮೇಲೆ ಹೊಲಿಗೆಗೆ ಕೂರುತ್ತೇನೆ. ಇವತ್ತು ಐವತ್ತೆಂಟೂವರೆ.