ತಡವಾದವರು ಲೋಟ ತೊಳೆಯಬೇಕು

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದಾಗ ತ್ಯಾವಣಿಗೆಯಲ್ಲಿ ನಡೆಸುತ್ತಿದ್ದ ತಿಂಗಳ ಸಭೆಗೆ ಒಂದು ನಿಯಮ ಮಾಡಿದ್ದೆ. ಹತ್ತು ಗಂಟೆಗೆ ಬಾಗಿಲು ಹಾಕುವುದು. ತಡವಾಗಿ ಬಂದವರು ಸಭೆ ಮುಗಿದ ಮೇಲೆ ಚಹಾ ಲೋಟ ತೊಳೆಯುವುದು. ಒರೆಸಿ ಜೋಡಿಸುವ ಕೆಲಸ ನನ್ನದು. ಬೇರೆಯವರು ಒರೆಸಿದರೆ ನನಗೆ ಒಗ್ಗುತ್ತಿರಲಿಲ್ಲ.

ಕೆರೆಬಿಳಚಿ ಕಡೆಯ ಒಬ್ಬ ಕಾರ್ಯಕರ್ತೆ ಮಾತ್ರ ಪ್ರತಿ ಸಲ ತಡ. "ಬಸ್ ತಪ್ಪಿತು ಮೇಡಂ" ಎಂದು ಬಾಗಿಲು ತಟ್ಟಿ ನಗುತ್ತಲೇ ಒಳಗೆ ಬರುವಳು. ಆಮೇಲೆ ಹಿತ್ತಲ ನಲ್ಲಿಯ ಬಳಿ ಕೂತು ಲೋಟ ಉಜ್ಜುತ್ತಾ, ತೂಕ ಏರದ ಮಗು, ಒಡೆದ ಮೊಟ್ಟೆ, ಅತ್ತೆಯ ಸಿಟ್ಟು, ಎಲ್ಲವನ್ನೂ ಪಕ್ಕದಲ್ಲಿ ಒರೆಸುತ್ತಿದ್ದ ನನಗೆ ಹೇಳುವಳು.

ಮುಂದೆ ಸಭೆಗಳು ಮೊಬೈಲಿಗೆ ಬಂದವು. ನನಗೋ ಹಿಗ್ಗು. ಹತ್ತಕ್ಕೆ ಸರಿಯಾಗಿ ಎಲ್ಲರ ಮುಖಗಳೂ ಸಾಲಾಗಿ ಮೂಡುತ್ತಿದ್ದವು, ಆಕೆಯದೇ ಮೊದಲು. "ನೋಡ್ರಿ, ಎಷ್ಟು ಸುಧಾರಿಸಿದ್ದಾಳೆ" ಎಂದು ಎಲ್ಲರೆದುರು ಹೊಗಳಿದೆ. ತೊಂದರೆ ಏನಾದರೂ ಇದೆಯೇ ಎಂದರೆ, "ಎಲ್ಲಾ ಸರಿ ಐತೆ ಮೇಡಂ" ಎನ್ನುವಳು. ಒಂದು ದಿನ ಅದೇ ದನಿಯಲ್ಲಿ, "ಮುಂದಿನ ತಿಂಗಳು ಕೆಲಸ ಬಿಡ್ತೀನಿ ಮೇಡಂ" ಎಂದಳು. ಯಾಕೆಂದು ಕೇಳಿದೆ. "ಸುಮ್ನೆ" ಎಂದಳು.

ಆ 'ಸುಮ್ನೆ' ನನಗೆ ಸರಿಕಾಣಲಿಲ್ಲ. ಮುಂದಿನ ಸಭೆಗೆ ಎಲ್ಲರೂ ತ್ಯಾವಣಿಗೆಗೇ ಬರಬೇಕೆಂದೆ.

ಹತ್ತಾಯಿತು, ಬಾಗಿಲು ಹಾಕಿದೆ. ಆಕೆ ಇಲ್ಲ. ಹಿರಿಯ ಕಾರ್ಯಕರ್ತೆಯೊಬ್ಬರು ನಕ್ಕರು. "ಅವಳು ಆಗ್ಲೇ ಬಂದವ್ಳೆ ಮೇಡಂ. ಹತ್ತು ಹೊಡೀಲಿ ಅಂತ ಬಸ್ ಸ್ಟ್ಯಾಂಡ್‌ನಾಗೆ ಕೂತವ್ಳೆ. ಯಾವತ್ತೂ ಹಿಂಗೇ. ಲೋಟ ತೊಳೆಯಾಕೆ ಸಿಕ್ರೆ ತಾನೇ ನಿಮ್ಮ ಜೊತೆ ಮಾತಾಡಾಕೆ ಆಗೋದು!"

ಸಭೆ ಮುಗಿದ ಮೇಲೆ ನಲ್ಲಿಯ ಬಳಿ ಆಕೆ ಬಾಯಿಬಿಟ್ಟಳು.

"ಮೊಬೈಲ್‌ನಾಗೆ ಹೆಂಗ್ ಹೇಳ್ಲಿ ಮೇಡಂ? ಅತ್ತೆ ಹಿಂದೇನೇ ಕೂತಿರ್ತಿದ್ರು. ಅವರಿಗೆ ಕಣ್ಣು ಮಂಜಾಗೈತೆ, ಒಬ್ರೇ ಇರಾಕೆ ಹೆದರ್ತಾರೆ. ಕೆಲಸ ಬಿಡು ಅಂತಾರೆ. ನಂಗೆ ಬಿಡಾಕೆ ಮನಸಿಲ್ಲ."

"ಅವರನ್ನೂ ಅಂಗನವಾಡಿಗೇ ಕರ್ಕೊಂಡು ಬಾ. ಮಕ್ಕಳ ಮಧ್ಯೆ ಕೂರಲಿ."

"ಮಕ್ಕಳಿಗೆ ಬೈತಾರೆ ಮೇಡಂ."

"ಬೈಲಿ ಬಿಡು. ನನ್ನ ಕೈಲಿ ಬೈಸ್ಕೊಂಡು ನೀನೇನು ಕೆಟ್ಟುಹೋದ್ಯಾ?"

ಒದ್ದೆ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಒರೆಸಿದ ಲೋಟದ ಮೇಲೆ ನೀರು ಸಿಡಿಯಿತು. ಮತ್ತೆ ಒರೆಸಿದೆ.

ಆಕೆ ಕೆಲಸ ಬಿಡಲಿಲ್ಲ. ಅತ್ತೆ ದಿನವೂ ಅಂಗನವಾಡಿಗೆ ಬಂದು, ಊಟಕ್ಕೆ ಮುಂಚೆ ಮಕ್ಕಳನ್ನೆಲ್ಲ ಗದರಿಸಿ ಕೈ ತೊಳೆಸತೊಡಗಿದರು. ಮುಂದಿನ ತಿಂಗಳು ಹತ್ತಕ್ಕೆ ಬಾಗಿಲು ಹಾಕಲು ಹೋದಾಗ, ಬೀದಿಯ ತುದಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಆಕೆ ಕೂತಿರುವುದು ಕಂಡಿತು.

ಕಾಣದವಳಂತೆ ಬಾಗಿಲು ಹಾಕಿದೆ.