ಪರಿಹಾರಕ್ಕೊಂದು ಕಾಲಂ

ಗರಗರ, ಗರಗರ, ಆಮೇಲೆ ಫಕ್ಕನೆ ನಿಶ್ಶಬ್ದ. ನನ್ನ ಸೋದರಮಾವ ಮಣೆಯ ಮೇಲೆ ಕವಡೆಗಳನ್ನು ಅಂಗೈಯಡಿ ಹೊರಳಿಸುತ್ತಿದ್ದ ಸದ್ದು ಅದು. ಸದ್ದು ನಿಂತಿತೆಂದರೆ ಯಾರದೋ ಮದುವೆ, ಯಾರದೋ ಬಾವಿ, ಯಾರದೋ ಕಳೆದುಹೋದ ದನ ಒಂದು ತೀರ್ಮಾನಕ್ಕೆ ಬಂತೆಂದು ಅರ್ಥ. ಹದಿನೇಳು ತುಂಬಿದ ವರ್ಷ ಕಾಪುವಿನ ನಮ್ಮ ಮನೆಯ ಬಾಗಿಲ ಹಿಂದೆ ನಿಂತು ಅದನ್ನು ಕೇಳಿದ್ದೆ. ಅಂದು ತೀರ್ಮಾನವಾಗಬೇಕಿದ್ದದ್ದು ನಾನೇ. ಕಾಲೇಜೋ, ಕಾರ್ಕಳದ ಅಕ್ಕಿ ಮಿಲ್ಲಿನ ಹುಡುಗನೋ ಎಂದು.

ಕಳೆದ ಆದಿತ್ಯವಾರ ಮಧ್ಯಾಹ್ನ ಅದೇ ಸದ್ದು ಉಡುಪಿಯ ನನ್ನ ಡೈನಿಂಗ್ ಟೇಬಲ್ಲಿನ ಮೇಲೆ ಕೇಳಿಸಿತು. ಈ ಸಲ ಕವಡೆಯಲ್ಲ, ಡೈಸ್. ಅದೂ ನಮ್ಮ ಕಾಲದ ಆರು ಮುಖದ ಮರ್ಯಾದಸ್ಥ ಡೈಸ್ ಅಲ್ಲ, ಇಪ್ಪತ್ತು ಮುಖದ್ದು. ಇಪ್ಪತ್ತು ಮುಖ ಇರುವವರನ್ನು ನಂಬಬಾರದೆಂದು ನನಗೆ ಸ್ಟಾಫ್ ರೂಮಿನಲ್ಲೇ ಗೊತ್ತಾಗಿತ್ತು.

ತಂದವಳು ನನ್ನ ತಂಗಿಯ ಮೊಮ್ಮಗಳು ಅನಘಾ. ಮಣಿಪಾಲದಲ್ಲಿ ಓದುತ್ತಾಳೆ. ಅವಳೂ ಮೂವರು ಸ್ನೇಹಿತರೂ ಸೇರಿ ಒಂದು ಆಟ ಆಡುತ್ತಾರೆ. ಅದಕ್ಕೆ ಬೋರ್ಡ್ ಇಲ್ಲ, ಔಟ್ ಇಲ್ಲ. ಮೇಜಿನ ಸುತ್ತ ಕೂತು ಒಂದೊಂದು ಪಾತ್ರವಾಗಿ, ಮಾತಿನಲ್ಲೇ ಒಂದು ಕತೆ ಕಟ್ಟುವುದು. ಕತ್ತಿ ತಾಗಿತೇ, ಗೋಡೆ ಹಾರಿದನೇ ಎಂಬುದನ್ನೆಲ್ಲ ಡೈಸ್ ಹೇಳುತ್ತದೆ. ಕತೆ ನಡೆಸುವವರಿಗೆ ಗೇಮ್ ಮಾಸ್ಟರ್ ಎಂದು ಹೆಸರು, ಅದು ಅನಘಾ. ಈ ಸಲದ ಕತೆ ಭವಿಷ್ಯ ಹೇಳುವವರೇ ಆಳುವ ಒಂದು ಊರಿನದು. ನನ್ನನ್ನು ಸೇರಿಸಿಕೊಂಡದ್ದಕ್ಕೆ ಎರಡು ಕಾರಣ: ನಮ್ಮ ಕುಟುಂಬದಲ್ಲಿ ಕವಡೆ ಪ್ರಶ್ನೆ ಇಡುವವರು ಇದ್ದರು, ಮತ್ತು ನನ್ನ ಮೇಜು ದೊಡ್ಡದು. ಎರಡನೆಯದೇ ಮುಖ್ಯವೆಂದು ನನ್ನ ಅನುಮಾನ.

“ಇವತ್ತು ಆಟ ಇಲ್ಲ ದೊಡ್ಡಜ್ಜಿ, ಕ್ಯಾರೆಕ್ಟರ್ ಮಾಡುವುದು ಮಾತ್ರ,” ಎಂದಳು ಅನಘಾ.

“ಒಂದೇ ಮಧ್ಯಾಹ್ನದಲ್ಲಾ? ಕಾನ್ವೆಂಟಿನ ಸಿಸ್ಟರುಗಳಿಗೆ ನನ್ನ ಕ್ಯಾರೆಕ್ಟರ್ ಮಾಡಲಿಕ್ಕೆ ಹತ್ತು ವರ್ಷ ಹಿಡಿಯಿತು.”

ಎಲ್ಲರಿಗೂ ಒಂದೊಂದು ಫಾರ್ಮ್ ಕೊಟ್ಟಳು. ಫಾರ್ಮ್ ಕಂಡರೆ ನನಗೆ ಈಗಲೂ ಬೆನ್ನು ನೇರವಾಗುತ್ತದೆ. ಕಪ್ಪು ಶಾಯಿ, ಕ್ಯಾಪಿಟಲ್ ಲೆಟರ್ಸ್, ಗೆರೆ ಬಿಟ್ಟು ಹೊರಗೆ ಹೋಗಕೂಡದು. ಪಾತ್ರದ ಬಲವನ್ನು ಡೈಸ್ ಉರುಳಿಸಿ ಬರೆಯಬೇಕಿತ್ತು, ನನಗೆ ಮೂರು ಬಿತ್ತು. ಮಕ್ಕಳು ಅಯ್ಯೋ ಎಂದರು. ನನ್ನ ಮೊಣಕಾಲಿನ ಡಾಕ್ಟರರಾದರೆ ಅದನ್ನು ಉದಾರ ಅಂಕ ಎನ್ನುತ್ತಿದ್ದರು.

ಆಮೇಲೆ ಪಾತ್ರದ ಪೂರ್ವಕತೆ. ಇಲ್ಲಿ ಒಂದು ಸೋಜಿಗ ನೋಡಿ. ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿದ್ದು ವಾರವಾರ ಪಾರ್ಸೆಲ್ ಕಳುಹಿಸುವ ಈ ಮಕ್ಕಳ ಪಾತ್ರಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಅನಾಥರು. ಒಬ್ಬನ ಮನೆ ಸುಟ್ಟಿದೆ, ಒಬ್ಬಳನ್ನು ತೋಳಗಳು ಸಾಕಿವೆ. ನಾನು ಬರೆದದ್ದು: ಕವಡೆಯ ಮುದುಕಿ, ತಂದೆ ತಾಯಿ ಕ್ಷೇಮ, ತಂಗಿ ಒಬ್ಬಳು, ಸ್ವಲ್ಪ ಬಾಯಿ ಜಾಸ್ತಿ.

ಅನಘಾಳ ಸ್ನೇಹಿತ ನಿಹಾಲ್ ಬಗ್ಗಿ ಓದಿದ. “ಅಜ್ಜಿ, ಇದರಲ್ಲಿ ಟ್ರಾಮಾ ಎಂತದೂ ಇಲ್ಲ ಅಲ್ವಾ?”

“ಉಂಟು ಮಾರಾಯ. ಆಲ್ಜೀಬ್ರಾ. ಅದನ್ನು ಬರೆಯಲಿಕ್ಕೆ ಜಾಗ ಸಾಲಲಿಲ್ಲ.”

ಕೊನೆಯ ಕಾಲಂ: ‘ಪಾತ್ರಕ್ಕೆ ಹೇಳಲಾದ ಭವಿಷ್ಯ’. ಅನಘಾ ಚಿತ್ರದ ಕಾರ್ಡುಗಳನ್ನು ಹರಡಿ ಎಲ್ಲರಿಗೂ ಒಂದೊಂದು ಎತ್ತಿಸಿದಳು. ನನಗೆ ಬಂದದ್ದು ‘ಮೊದಲ ಸೇತುವೆಯಲ್ಲೇ ಮುಳುಗುವೆ’. ನಾನು ವಿಧೇಯಳಾಗಿ ಬರೆದುಕೊಂಡು, ಫಾರ್ಮಿನ ಹಿಂದುಮುಂದು ತಿರುಗಿಸಿ ನೋಡಿದೆ.

“ಪರಿಹಾರದ ಕಾಲಂ ಎಲ್ಲಿ?”

“ಪರಿಹಾರ ಎಲ್ಲ ಇಲ್ಲ ದೊಡ್ಡಜ್ಜಿ. ಫೇಟ್ ಅಂದರೆ ಫೇಟ್.”

ನನಗೆ ನಿಜಕ್ಕೂ ಬೇಸರವಾಯಿತು. ನಮ್ಮ ಕಡೆ ಕೆಟ್ಟ ಸುದ್ದಿ ಒಂಟಿಯಾಗಿ ಬರುವ ಕ್ರಮವೇ ಇಲ್ಲ. ದೋಷ ಉಂಟು ಎಂದವರು ಅದೇ ಉಸಿರಿನಲ್ಲಿ ಇಷ್ಟು ಎಳನೀರು, ಇಷ್ಟು ಹಾಲು, ಇಂಥ ವಾರ ಎಂದು ಪಟ್ಟಿ ಕೊಡದೆ ಏಳುವುದಿಲ್ಲ. ಸಿಸ್ಟರುಗಳು ಇದನ್ನೆಲ್ಲ ಸೂಪರ್‌ಸ್ಟಿಶನ್ ಎಂದು ಬೈಯುತ್ತಿದ್ದರು. ಪರೀಕ್ಷೆಯ ಬೆಳಿಗ್ಗೆ ಮಾತ್ರ ತಾವೇ ಒಂದೊಂದು ಹೋಲಿ ಪಿಕ್ಚರ್ ಕೈಗಿಡುತ್ತಿದ್ದರು. ಮನುಷ್ಯರು ಭವಿಷ್ಯ ಕೇಳುವುದು ತಿಳಿದುಕೊಳ್ಳಲಿಕ್ಕೆ ಅಲ್ಲ, ತಪ್ಪಿಸಿಕೊಳ್ಳಲಿಕ್ಕೆ. ನಾನು ಸ್ಕೇಲ್ ಇಟ್ಟು ಮಾರ್ಜಿನ್ನಿನಲ್ಲಿ ಗೆರೆ ಎಳೆದು ‘ಪರಿಹಾರ’ ಎಂದು ಬರೆದುಬಿಟ್ಟೆ.

“ಆಯ್ತು,” ಎಂದಳು ಅನಘಾ, ಸೋತು. “ಹದಿನೈದರ ಮೇಲೆ ಬಿದ್ದರೆ ನಿಮಗೆ ಪರಿಹಾರ ಉಂಟು. ಇಲ್ಲದಿದ್ದರೆ ಮುಳುಗುವುದೇ.”

ಗೇಮ್ ಮಾಸ್ಟರ್ ಡೈಸ್ ಉರುಳಿಸುವುದು ರಟ್ಟಿನ ಮರೆಯ ಹಿಂದೆ, ಯಾರಿಗೂ ಕಾಣದಂತೆ. ಆದರೆ ಅವಳ ಬೆನ್ನ ಹಿಂದೆ ನನ್ನ ಗಾಜಿನ ಕಪಾಟು ಉಂಟು, ನನ್ನ ಕಣ್ಣಿಗೆ ಹೊಸ ಲೆನ್ಸ್ ಉಂಟು, ಮರೆಯ ಹಿಂದಿನದೆಲ್ಲ ಗಾಜಿನಲ್ಲಿ ಕಾಣುತ್ತಿತ್ತು. ಗರಗರ ಎಂದಿತು. ನಿಂತಿತು. ಎರಡು. ಹುಡುಗಿ ಅದರ ಮೇಲೆ ಅಂಗೈ ಮುಚ್ಚಿ, ಗಂಭೀರ ಮುಖ ಮಾಡಿ, “ಹದಿನೇಳು,” ಎಂದಳು.

ನಾನು ಪರಿಹಾರದ ಕಾಲಂನಲ್ಲಿ ‘ಹದಿನೇಳು’ ಎಂದು ಬರೆದುಕೊಂಡೆ. ಆ ಅಂಗೈ ನನಗೆ ಗುರುತಿನದು.

ಮಾವ ವಾರವಿಡೀ ಬೆಳ್ಮಣ್ಣಿನಲ್ಲಿ ಪೋಸ್ಟ್ ಮಾಸ್ಟರ್, ಆದಿತ್ಯವಾರ ಮಾತ್ರ ಕವಡೆ. ಅಂದು ಕಾಪುವಿನ ಚಾವಡಿಯಲ್ಲಿ ಒಂದು ಹಿಡಿ ಕವಡೆಯನ್ನು ಬದಿಗೆ ಸರಿಸಿ, ಎಣಿಸಿ, ಉಳಿದದ್ದರ ಮೇಲೆ ಹೀಗೇ ಅಂಗೈ ಮುಚ್ಚಿದ್ದರು. “ದೋಷ ಉಂಟು ಭಾವ. ಈಗ ಮದುವೆ ಬೇಡ,” ಎಂದರು ನನ್ನ ಅಪ್ಪನಿಗೆ. “ಪರಿಹಾರ ಎಂತ ಅಂದರೆ, ಹುಡುಗಿ ನಾಲ್ಕು ವರ್ಷ ಹೊಳೆಯ ಆಚೆ ಹೋಗಿ ಅಕ್ಷರದ ಸೇವೆ ಮಾಡಬೇಕು.” ಉದ್ಯಾವರದ ಹೊಳೆಯ ಆಚೆ ಉಡುಪಿ. ಉಡುಪಿಯಲ್ಲಿ ಕಾಲೇಜು. ಯಾರಿಗೂ ಹೆದರದ ಅಪ್ಪ ಕವಡೆಗೆ ಹೆದರುತ್ತಿದ್ದರು. ಜೂನ್ ತಿಂಗಳಲ್ಲಿ ನಾನು ಸೇತುವೆ ದಾಟಿದೆ. ಮಿಲ್ಲಿನ ಹುಡುಗ ಬೇರೆಯವಳನ್ನು ಮದುವೆಯಾದ. ವಯಸ್ಸಾದ ಮೇಲೂ ನೋಡಲಿಕ್ಕೆ ಲಕ್ಷಣವಾಗಿದ್ದ, ಒಪ್ಪಬೇಕು.

ಮಾವನನ್ನು ಕೊನೆಯ ಬಾರಿ ಕಂಡದ್ದು ಬೆಳ್ಮಣ್ಣಿನ ಬಸ್‌ಸ್ಟಾಪಿನಲ್ಲಿ. ಆಗ ನಾನು ತಲೆ ನರೆತ ಇಂಗ್ಲಿಷ್ ಟೀಚರ್. ಅವರು ಕಣ್ಣು ಮಂಜಾದ ಮುದುಕ, ಬೇಡವೆಂದರೂ ಕೋಲೂರಿಕೊಂಡು ಬಸ್ಸಿನವರೆಗೆ ಬಂದಿದ್ದರು. ಅಷ್ಟು ವರ್ಷ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. “ಮಾವ, ಅವತ್ತು ಕವಡೆ ಎಷ್ಟು ಉಳಿದಿತ್ತು?”

“ನನಗೆ ಎಂತ ಗೊತ್ತು ಮಾರಾಯ್ತಿ?” ಎಂದು ನಕ್ಕರು. “ಕನ್ನಡಕ ಆಫೀಸಿನಲ್ಲೇ ಬಿಟ್ಟು ಬಂದಿದ್ದೆ.”

ಅಷ್ಟರಲ್ಲಿ ಎರಡು ಬಸ್ಸುಗಳು ಒಟ್ಟಿಗೇ ಬಂದು ನಿಂತವು. ನಾನು ಹತ್ತಿ, ಕಿಟಕಿಯ ಬಳಿ ಕೂತು ಹೊರಗೆ ನೋಡಿದೆ. ಮಾವ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿ, ಕಾರ್ಕಳದ ಬಸ್ಸಿಗೆ ಟಾಟಾ ಮಾಡುತ್ತಿದ್ದರು. ನಾನು ಉಡುಪಿಯ ಬಸ್ಸಿನಲ್ಲಿ ಕೂತಿದ್ದೆ.